ಒಂಬತ್ತು ಉಗುರಿಗೆ ಬಿರುಕು ಬಣ್ಣ

ತಂಗಿಯ ಮದುವೆಗೆ ಐದು ವಾರ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ನೀರುದೋಸೆ ಹೊಯ್ಯುತ್ತಾ ಅಮ್ಮ ಹೇಳಿದಳು: "ಧಾರೆ ಎರೆಯುದು ಚಿಕ್ಕಪ್ಪ ಚಿಕ್ಕಮ್ಮ ಮಾಡ್ಲಿ. ನಾವು ಹತ್ತಿರ ನಿಂತುಕೊಳ್ಳುವ."

ಅವಳು ಹೀಗೆಯೇ ಹೇಳಿದಳೇ ಎಂದು ಯಾರಾದರೂ ಕೇಳಿದರೆ ನಾನು ಆಣೆ ಮಾಡಲಾರೆ. ನಮ್ಮ ಮನೆಯ ಮಾತು ತುಳು. ಆ ದಿನದ ದಿನಚರಿಯಲ್ಲಿ ನಾನು ಬರೆದಿರುವುದು ಕನ್ನಡದಲ್ಲಿ, ಅದೂ ಒಂದೇ ಸಾಲು: "ಅಮ್ಮ ಗಿಂಡಿ ಹಿಡಿಯುವುದಿಲ್ಲವಂತೆ. ಕಾರಣ ಕೈ." ಉಳಿದದ್ದೆಲ್ಲ ಆಮೇಲೆ ನಾನು ಕಟ್ಟಿಕೊಂಡದ್ದಿರಬಹುದು. ಆದರೆ ದೋಸೆಯ ಕಾವಲಿ ಸುಯ್ಯೆಂದದ್ದು ಮತ್ತು ತಂಗಿ ಚಟ್ನಿಯ ಬಟ್ಟಲನ್ನು ತುಸು ಜೋರಾಗಿಯೇ ಕೆಳಗಿಟ್ಟದ್ದು ನನಗೆ ಈಗಲೂ ಕೇಳಿಸುತ್ತದೆ.

ನಮ್ಮ ಕಡೆಯ ಮದುವೆಯಲ್ಲಿ ಧಾರೆಯೇ ಮುಖ್ಯ. ಹುಡುಗ ಹುಡುಗಿಯ ಜೋಡಿಸಿದ ಕೈಗಳ ಮೇಲೆ ಹುಡುಗಿಯ ತಂದೆ ತಾಯಿ ಒಂದೇ ಗಿಂಡಿಯನ್ನು ಕೂಡಿ ಹಿಡಿದು ನೀರೆರೆಯುತ್ತಾರೆ. ಆ ಒಂದು ನಿಮಿಷ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಕೈಗಳನ್ನು ನೋಡುತ್ತಾರೆ. ಹಿಂದೆಯಾದರೆ ಮಂಟಪದ ಸುತ್ತ ನಿಂತ ಹತ್ತಿಪ್ಪತ್ತು ಜನ ನೋಡುತ್ತಿದ್ದರು. ಈಗ ಹಾಲ್‌ನ ಎರಡೂ ಬದಿಗೆ ದೊಡ್ಡ ಎಲ್‌ಇಡಿ ಪರದೆ ಹಾಕುತ್ತಾರೆ. ಆ ವರ್ಷ ಬಂಟ್ವಾಳದಲ್ಲಿ ನಡೆದ ಒಂದು ನೆಂಟರ ಮದುವೆಗೆ ಅಮ್ಮ ಹೋಗಿದ್ದಳು. ಬಂದವಳು ಊಟದ ಬಗ್ಗೆ ಹೇಳಲಿಲ್ಲ, ಸೀರೆಯ ಬಗ್ಗೆ ಹೇಳಲಿಲ್ಲ. "ಬೆರಳುಗಳು ಹಂಡೆಯಷ್ಟು ದೊಡ್ಡ ಕಾಣ್ತಿದ್ದವು ಮಾರಾಯ್ತಿ" ಎಂದಷ್ಟೇ ಹೇಳಿದ್ದಳು. ನಾನು ನಕ್ಕಿದ್ದೆ. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ ಎಂಬುದು ಆ ದೋಸೆಯ ಬೆಳಿಗ್ಗೆ ಗೊತ್ತಾಯಿತು.

ಅಮ್ಮನ ಬಲಗೈ ಹೆಬ್ಬೆರಳಿನ ಉಗುರು ಬುಡದಿಂದ ತುದಿಯವರೆಗೆ ಸೀಳಿದೆ. ಎರಡು ಹೋಳಾಗಿ ಬೆಳೆಯುತ್ತದೆ, ನಡುವೆ ಸಣ್ಣ ಕಣಿವೆ. ಬೆಳ್ತಂಗಡಿಯ ಡಾಕ್ಟರು ಬೇರು ಹೋಗಿದೆ, ಇನ್ನು ಕೂಡುವುದಿಲ್ಲ ಎಂದು ಯಾವತ್ತೋ ಹೇಳಿದ್ದಾರೆ. ನೋವಿಲ್ಲ. ಆದರೆ ನಮ್ಮ ಮನೆಯ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಬೆರಳು ಎಲ್ಲಿಯೂ ಇಲ್ಲ. ಒಂದರಲ್ಲಿ ಸೆರಗಿನೊಳಗೆ, ಒಂದರಲ್ಲಿ ನನ್ನ ಹೆಗಲ ಹಿಂದೆ, ಉಳಿದವುಗಳಲ್ಲಿ ಮುಷ್ಟಿಯ ಒಳಗೆ. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಕಾಣದೆ ಇರುವುದೂ ಸಾಕ್ಷಿಯೇ ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. ಮನೆಯ ಆಲ್ಬಮ್ಮಿನಲ್ಲಿ ಅದನ್ನು ಗಮನಿಸಲು ನನಗೆ ಮೂವತ್ತು ದಾಟಬೇಕಾಯಿತು.

"ನಿನ್ನ ಕೈಯಿಂದಲೇ ಆಗ್ಬೇಕು. ಇಲ್ಲದಿದ್ರೆ ನಾನು ಕೈ ಚಾಚುದೇ ಇಲ್ಲ" ಎಂದಳು ತಂಗಿ.

"ಚಾಚದೆ ಎಂತ ಮಾಡ್ತೀ? ಕಿಸೆಯಲ್ಲಿ ಇಟ್ಕೊಳ್ತೀಯಾ?" ಎಂದಳು ಅಮ್ಮ.

ಆ ಮಧ್ಯಾಹ್ನ ಮದುವೆಗೆಂದು ಕಪಾಟು ಖಾಲಿ ಮಾಡುವಾಗ ಒಂದು ಹಳೆಯ ಜ್ಯಾಮಿಟ್ರಿ ಪೆಟ್ಟಿಗೆಯೊಳಗೆ ಬೆರಳುದ್ದದ ಬಾಟಲಿ ಸಿಕ್ಕಿತು. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ದುಬೈಯಿಂದ ಬಂದ ದೊಡ್ಡಮ್ಮನ ಮಗಳು ಕೊಟ್ಟ ಕ್ರ್ಯಾಕಲ್ ನೈಲ್ ಪಾಲಿಶ್. ಒಣಗಿದ ಬಣ್ಣದ ಮೇಲೆ ಇದನ್ನು ಹಚ್ಚಿದರೆ ಹತ್ತು ಎಣಿಸುವುದರೊಳಗೆ ಅದು ತಾನಾಗಿ ಬಿರಿದು ಕೆಳಗಿನ ಬಣ್ಣ ಇಣುಕುತ್ತಿತ್ತು. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಮುಂದೆ ಹುಡುಗಿಯರು ಸಾಲು ನಿಲ್ಲುತ್ತಿದ್ದರು. ನನ್ನ ನೆನಪಿನಲ್ಲಿ ಆ ಬಣ್ಣ ಕಡುಗಪ್ಪು, ಕೆಳಗೆ ಕೆಂಪು. ಬೆಳಕಿಗೆ ಹಿಡಿದು ನೋಡಿದರೆ ಬಾಟಲಿಯಲ್ಲಿ ಗಟ್ಟಿಯಾಗಿ ಅಂಟಿಕೊಂಡದ್ದು ಕಡುಹಸಿರು. ಇಷ್ಟು ವರ್ಷ ಎಷ್ಟು ಜನರಿಗೆ ಕಪ್ಪು ಎಂದು ಹೇಳಿದ್ದೇನೋ. ಸಾಲು ನಿಂತಿದ್ದು ನಿಜವೋ, ಅಥವಾ ಇಬ್ಬರು ಬಂದದ್ದು ಸಾಲಾಗಿ ಬೆಳೆದಿದೆಯೋ?

ಆಗ ಹೊಳೆದ ಉಪಾಯ ಯಾರದೆಂಬ ಬಗ್ಗೆ ನನಗೂ ತಂಗಿಗೂ ಈಗಲೂ ಜಗಳವಿದೆ. ದಿನಚರಿಯಲ್ಲಿ ನಾನು "ನಾವು" ಎಂದು ಬರೆದಿದ್ದೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಉಪಾಯ ಇಷ್ಟೇ. ಮದುಮಗಳಿಗೆ, ನನಗೆ, ಅಮ್ಮನಿಗೆ, ಮೂವರಿಗೂ ಉಗುರು ತುಂಬ ಬಿರುಕು ಹಾಕಿಬಿಟ್ಟರೆ ಪರದೆಯ ಮೇಲೆ ಅಮ್ಮನ ಒಂದು ಬಿರುಕನ್ನು ಯಾರು ಹುಡುಕುತ್ತಾರೆ?

ಗುರುವಾಯನಕೆರೆಯ ಫ್ಯಾನ್ಸಿ ಅಂಗಡಿಯವನು ನಮ್ಮ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೆಲ್ಲ ಈಗ ಬರುದಿಲ್ಲ ಅಕ್ಕ. ಈಗ ಮ್ಯಾಟ್ ಉಂಟು, ಜೆಲ್ ಉಂಟು, ಗ್ಲಿಟರ್ ಉಂಟು. ಇದು ಹಳೆ ಸ್ಟಾಕ್. ಎಲ್ಲಾದ್ರೂ ಮೂಲೆಯಲ್ಲಿ ಉಳಿದಿದ್ರೆ ನಿಮ್ಮ ಅದೃಷ್ಟ." ತಂಗಿ ಕೆಲಸ ಮಾಡುವುದು ಬಂಟ್ವಾಳದಲ್ಲಿ. ಅವಳು ಅಲ್ಲಿಯ ಪೇಟೆಯಲ್ಲೂ ಹುಡುಕಿದಳು. ಸಿಗಲಿಲ್ಲ. ಸಂಜೆ ಬರುವಾಗ ಒಂದು ಮೆರೂನ್, ಒಂದು ಬಂಗಾರದ ಬಣ್ಣ, ಒಂದು ಬಣ್ಣವಿಲ್ಲದ್ದು ತಂದಳು. ಮನೆಯಲ್ಲೇ ಮಾಡುವ ವಿಧಾನ ಫೋನಿನಲ್ಲಿ ಸಿಕ್ಕಿತ್ತು. ಮೊದಲು ಒಂದು ಬಣ್ಣ ಹಚ್ಚಿ ಪೂರ್ತಿ ಒಣಗಿಸಬೇಕು. ಅದರ ಮೇಲೆ ಹಾಲಿನಂತಿರುವ ಬಿಳಿ ಅಂಟು. ಅದು ಅರ್ಧ ಆರಿ ಕೈಗೆ ಅಂಟುವಂತಿರುವಾಗಲೇ ಇನ್ನೊಂದು ಬಣ್ಣವನ್ನು ಒಂದೇ ಎಳೆತದಲ್ಲಿ ಎಳೆಯಬೇಕು. ಬಿರಿಯುತ್ತದೆ.

ಹಾಲಿನಂತಿರುವ ಬಿಳಿ ಅಂಟು, ಒಣಗಿದರೆ ಪಾರದರ್ಶಕ. ಅದಕ್ಕಾಗಿ ಅಂಗಡಿಗೆ ಹೋಗುವ ಯೋಚನೆಯೇ ನಮಗೆ ಬರಲಿಲ್ಲ. ಮನೆಯ ಹಿಂದೆ ಅಪ್ಪನ ಅರುವತ್ತು ರಬ್ಬರ್ ಮರಗಳಿವೆ. ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಮರಕ್ಕೆ ಕಟ್ಟಿದ ಚಿಪ್ಪುಗಳಿಂದ ಹಾಲು ಸುರಿದುಕೊಂಡು ಬಕೆಟ್ ತರುತ್ತಾರೆ, ಹೆಪ್ಪುಗಟ್ಟಿಸಿ ಶೀಟ್ ಮಾಡಿ ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಿದ್ದು, ಚಪ್ಪಲಿಯ ಅಟ್ಟೆ ಹಚ್ಚಿದ್ದು, ಗಾಳಿಪಟ ಅಂಟಿಸಿದ್ದು ಎಲ್ಲ ಅದರಿಂದಲೇ. ನಮ್ಮ ಪಾಲಿಗೆ ಅಂಟು ಎಂದರೆ ಅದು. ಬಿಳಿ, ಹಾಲು, ಒಣಗಿದರೆ ಪಾರದರ್ಶಕ: ಮೂರೂ ಸರಿಯಾಗಿ ಕೂಡಿಬಂದವು. ಒಂದು ಚಮಚ ಹಾಲು ಕೇಳಿದಾಗ ಅಪ್ಪ ಏಕೆ ಎಂದೂ ಕೇಳಲಿಲ್ಲ.

ತಂಗಿಯ ಐದು ಉಗುರಿಗೆ ಬಂಗಾರದ ಬಣ್ಣ, ಅದರ ಮೇಲೆ ರಬ್ಬರ್ ಹಾಲು, ಅದರ ಮೇಲೆ ಮೆರೂನ್. ಇಬ್ಬರೂ ಉಸಿರು ಹಿಡಿದು ನೋಡಿದೆವು. ಹತ್ತು ಎಣಿಸಿದೆವು. ನೂರು ಎಣಿಸಿದೆವು. ಒಂದು ಗೆರೆಯೂ ಬಿಡಲಿಲ್ಲ. ಮೆರೂನ್ ಬಣ್ಣ ಕನ್ನಡಿಯಂತೆ ನಯವಾಗಿ ಕೂತಿತ್ತು. ಬೇಸರದಲ್ಲಿ ತಂಗಿ ಒಂದು ಅಂಚನ್ನು ಕೆರೆದಳು. ಇಡೀ ಉಗುರಿನ ಬಣ್ಣ ಟೊಪ್ಪಿಯ ಹಾಗೆ ಕಳಚಿ ಬಂತು. ಒಂದಾದ ಮೇಲೆ ಒಂದು, ಐದು ಮೆರೂನ್ ಟೊಪ್ಪಿಗಳು.

ಅಪ್ಪ ಒಂದನ್ನು ಎತ್ತಿ ಎಳೆದು ನೋಡಿದರು. ಅದು ಉದ್ದವಾಯಿತು, ಬಿಟ್ಟಾಗ ಮತ್ತೆ ಮೊದಲಿನಂತಾಯಿತು. "ಶೀಟ್ ಒಳ್ಳೆದುಂಟು. ಹೊಗೆಗೂಡಿನಲ್ಲಿ ತೂಗ ಹಾಕುವನಾ?" ಎಂದು ಕೇಳಿದರು.

ಜಗಲಿಯ ಆ ತುದಿಯಲ್ಲಿ ಕೂತಿದ್ದ ಅಮ್ಮ ನಗಲಿಲ್ಲ, ಆದರೆ ನೋಡುತ್ತಿದ್ದಳು. ಅವಳ ಮಡಿಲಲ್ಲಿ ಅಟ್ಟದಿಂದ ಇಳಿಸಿದ ಕಂಚಿನ ಗಿಂಡಿ. ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಚಿಕ್ಕಮ್ಮ ಹಿಡಿಯಬೇಕಾದ ಗಿಂಡಿಯಲ್ಲವೇ, ಹೊಳೆಯಬೇಕು.

ಮರುದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದೆ. ಮದುವೆ, ಅಮ್ಮ, ಯಾವುದನ್ನೂ ಹೇಳಲಿಲ್ಲ. ಬರೀ ಉಗುರಿನ ವಿಷಯ ಕೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ರಬ್ಬರಿನ ಕೆಲಸವೇ ಒಡೆಯದೆ ಇರುದು ಮೇಡಂ. ಮೇಲಿನ ಪದರ ಬೇಗ ಒಣಗಿ ಕುಗ್ಗಬೇಕು, ಕೆಳಗಿನದ್ದು ಇನ್ನೂ ಜಾರ್ತಾ ಇರ್ಬೇಕು. ಆಗ ಮೇಲಿನದ್ದಕ್ಕೆ ನಿಲ್ಲಲಿಕ್ಕೆ ಜಾಗ ಸಾಲುದಿಲ್ಲ, ಬಿರಿಯುತ್ತದೆ. ರಬ್ಬರ್ ಎಂತ ಮಾಡ್ತದೆ? ಕುಗ್ಗಿದರೆ ಅದೂ ಒಟ್ಟಿಗೇ ಬರ್ತದೆ." ಮೂಡುಬಿದಿರೆಯಿಂದ ಗುರುವಾಯನಕೆರೆಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ಬಿರುಕುಗಳನ್ನೇ ನೋಡಿದೆ. ಹಳೆಯ ಗೋಡೆಯ ಸುಣ್ಣ, ಬಸ್ಸಿನ ಸೀಟಿನ ರೆಕ್ಸಿನ್, ನನ್ನ ಚೀಲದ ಹಿಡಿ. ಯಾವುದೂ ಮನಸ್ಸಿಗೆ ಬಂದಂತೆ ಬಿರಿದಿರಲಿಲ್ಲ. ಪ್ರತಿಯೊಂದಕ್ಕೂ ಒಂದು ದಿಕ್ಕಿತ್ತು. ಎಳೆದವರು ಯಾವ ಕಡೆಗೆ ಎಳೆದಿದ್ದರೋ ಆ ಕಡೆಗೆ.

ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಮಕ್ಕಳ ಬಿಳಿ ಅಂಟು ಸಿಕ್ಕಿತು. ಆದರೂ ಮೊದಲ ಎರಡು ಸಂಜೆ ಏನೂ ಸರಿಯಾಗಲಿಲ್ಲ. ಮೋಡ ಕಟ್ಟಿ ಸೆಕೆ ಹೊಡೆಯುತ್ತಿತ್ತು, ಅಂಟು ಆರುತ್ತಲೇ ಇರಲಿಲ್ಲ. ಮೇಲಿನ ಬಣ್ಣ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು, ಅಷ್ಟೇ. ತಂಗಿ ಬಚ್ಚಲ ಒಲೆಯ ಮುಂದೆ ಕೈ ಚಾಚಿ ಕೂತಳು. "ಮದುಮಗಳಿಗೆ ಈಗಲೇ ಚಳಿಯಾ?" ಎಂದರು ಅಪ್ಪ. ಅಲ್ಲಿ ಅಂಟು ಅಗತ್ಯಕ್ಕಿಂತ ಬೇಗ ಒಣಗಿ ಬಣ್ಣ ಗಪ್‌ಚಿಪ್ ಕೂತಿತು. ಒಲೆಯಿಂದ ಎಷ್ಟು ದೂರ, ಎಷ್ಟು ಹೊತ್ತು ಎಂದು ನಾನು ದಿನಚರಿಯ ಹಿಂಬದಿಯಲ್ಲಿ ಬರೆಯತೊಡಗಿದೆ. ನೆನಪನ್ನು ನಂಬಿದರೆ ಮದುವೆ ಮುಗಿಯುತ್ತಿತ್ತು.

ಮೂರನೆಯ ಸಂಜೆ ಒಲೆಯಿಂದ ಒಂದು ಮೊಳ ದೂರದಲ್ಲಿ, ತಂಗಿಯ ಕಿರುಬೆರಳಿನಲ್ಲಿ ಅದು ಆಯಿತು. ಮೆರೂನ್ ಎಳೆದು ಬ್ರಶ್ ಎತ್ತುವುದರೊಳಗೆ ಮೇಲೆ ಒಂದು ಕೂದಲೆಳೆಯ ಗೆರೆ. ಅದು ಕವಲೊಡೆಯಿತು. ಕವಲು ಮತ್ತೆ ಕವಲೊಡೆದು ಅಗಲವಾಯಿತು, ಒಳಗಿಂದ ಬಂಗಾರ ಕಂಡಿತು. ಸದ್ದೇ ಇಲ್ಲ. ಸದ್ದು ಬರಬೇಕಿತ್ತು ಎಂದು ಯಾಕೋ ಅನಿಸಿತು.

"ಅಕ್ಕಾ, ಹೋಯ್ತು, ಹೋಯ್ತು!" ಎಂದು ತಂಗಿ ಕೂಗಿದಳು. ಏನೋ ಒಡೆದು ಹೋಯಿತೆಂದು ಅಮ್ಮ ಓಡಿ ಬಂದಳು.

"ಎಂತ ಒಡೆದದ್ದು?"

"ಉಗುರು ಅಮ್ಮ. ನೋಡು, ಎಷ್ಟು ಚಂದ ಒಡೆದಿದೆ!"

ಅಮ್ಮ ಕಿರುಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಒಡೆಸ್ಲಿಕ್ಕೆ ಇಷ್ಟು ಕಷ್ಟ ಉಂಟಾ?" ಎಂದಳು. ಗೇಲಿಯೋ ನಿಜವಾದ ಪ್ರಶ್ನೆಯೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಅಭ್ಯಾಸ ಶುರುವಾಯಿತು. ಅಂಟು ತೆಳ್ಳಗಿದ್ದರೆ ಜೇಡರ ಬಲೆಯಂಥ ಸಣ್ಣ ಬಿರುಕು, ದಪ್ಪಗಿದ್ದರೆ ಬೇಸಿಗೆಯ ಗದ್ದೆಯಂತೆ ದೊಡ್ಡ ತುಂಡುಗಳು. ಬ್ರಶ್ ಉದ್ದಕ್ಕೆ ಎಳೆದರೆ ಬಿರುಕು ಉದ್ದಕ್ಕೆ, ಅಡ್ಡ ಎಳೆದರೆ ಅಡ್ಡ. ಎರಡನೇ ಸಲ ಬ್ರಶ್ ಮುಟ್ಟಿಸಿದರೆ ಎಲ್ಲ ಕಲಸಿಹೋಗುತ್ತಿತ್ತು. ಸೋತ ರಬ್ಬರ್ ಹಾಲಿಗೂ ಒಂದು ಕೆಲಸ ಸಿಕ್ಕಿತು. ಉಗುರಿನ ಸುತ್ತ ಚರ್ಮಕ್ಕೆ ಅದನ್ನು ಮೊದಲೇ ಹಚ್ಚಿದರೆ, ಆಚೀಚೆ ಹರಡಿದ ಬಣ್ಣವೆಲ್ಲ ಕೊನೆಗೆ ಒಂದೇ ಎಳೆತಕ್ಕೆ ಸುಲಿದು ಬರುತ್ತಿತ್ತು. ಇದನ್ನು ಕಂಡುಹಿಡಿದದ್ದು ನಾನು. ಇದು ದಿನಚರಿಯಲ್ಲಿ ಸ್ಪಷ್ಟವಾಗಿದೆ.

ಅಮ್ಮ ಮಾತ್ರ ತನ್ನ ಕೈ ಕೊಡಲಿಲ್ಲ. ನಮ್ಮ ಉಪಾಯವನ್ನು ಅವಳಿಗೆ ಬಿಡಿಸಿ ಹೇಳಿದಾಗ, "ಆಯ್ತು, ನೀವು ಹಾಕ್ಕೊಳ್ಳಿ" ಎಂದಳು. ಚಿಕ್ಕಮ್ಮನಿಗೆ ಫೋನ್ ಮಾಡಿ ಸೀರೆಯ ಬಣ್ಣ ಕೇಳಿದಳು.

ಮದುವೆಗೆ ಹತ್ತು ದಿನ ಇರುವಾಗ ತಂಗಿಗೆ ಒಂದು ಸಂಶಯ ಬಂತು. "ಅಕ್ಕಾ, ಇದು ಮಕ್ಕಳ ಅಂಟಲ್ವಾ? ನೀರಿಗೆ ಕರಗ್ತದೆ. ಧಾರೆಯ ನೀರು ಬಿದ್ದರೆ?"

ನಾವು ಅಂಗಳದ ನಳ್ಳಿಯ ಹತ್ತಿರ ಹೋದೆವು. ನಳ್ಳಿಯ ನೀರು ರಭಸವಾಗಿ ಬರುತ್ತದೆ, ಧಾರೆಯ ಹಾಗಲ್ಲ. ಚೊಂಬಿನಲ್ಲಿ ಸುರಿದರೆ ಒಮ್ಮೆಗೇ ಬಿದ್ದುಬಿಡುತ್ತದೆ. ಜಗಲಿಯಿಂದ ಸ್ವಲ್ಪ ಹೊತ್ತು ನೋಡಿದ ಅಮ್ಮ, "ಹಾಗಲ್ಲ. ನಿಮಗೆ ನೀರು ಹೊಯ್ಲಿಕ್ಕೂ ಗೊತ್ತಿಲ್ಲ. ಕೈ ಹಿಡೀರಿ" ಎಂದು ಎದ್ದು ಬಂದಳು. ಗಿಂಡಿ ತುಂಬಿಸಿಕೊಂಡು, ತಂಗಿಯ ಕೈಯಡಿಗೆ ನನ್ನ ಕೈ ಇರಿಸಿ, ಬೆರಳಿನಷ್ಟು ತೆಳ್ಳಗೆ ನೀರು ಬಿಟ್ಟಳು.

ತಂಗಿಯ ಉಗುರಿನ ಮೆರೂನ್ ತುಂಡುಗಳು ಒಂದೊಂದಾಗಿ ಅಲುಗಿ, ಜಾರಿ, ನೀರಿನ ಜೊತೆ ಅಂಗಳಕ್ಕೆ ಹರಿದವು. "ಹೋಯ್ತು ಮರ್ಯಾದೆ. ಪರದೆಯ ಮೇಲೆ ಇದನ್ನು ಕಂಡ್ರೆ ಗಂಡಿನ ಕಡೆಯವರು ಓಡಿಹೋಗ್ತಾರೆ" ಎಂದಳು ತಂಗಿ. ಅಮ್ಮ ಈ ಸಲ ನಕ್ಕಳು. ಮತ್ತೆ ಹಚ್ಚಿದೆವು, ಮೇಲಿಂದ ಬಣ್ಣವಿಲ್ಲದ ಪಾಲಿಶ್ ಒಂದು ಸಲ ಎಳೆದೆವು. ಅಮ್ಮ ಮತ್ತೆ ಎರೆದಳು. ಅಂಚಿನಲ್ಲಿ ಎದ್ದಿತು. ಎರಡು ಸಲ ಎಳೆದು ಉಗುರಿನ ತುದಿಯನ್ನೂ ಮುಚ್ಚಿದೆವು. ಅಮ್ಮ ಮೂರನೆಯ ಗಿಂಡಿ ತುಂಬಿಸಿದಳು, ನಾಲ್ಕನೆಯದನ್ನೂ. ಬಣ್ಣ ಅಲುಗಲಿಲ್ಲ.

ನಾನು ನೀರು ಎರೆಯುವ ನಡುವೆ ಇನ್ನೊಂದು ಕೈಯಿಂದ ಫೋಟೋ ತೆಗೆದಿದ್ದೆ. ತೆಗೆದದ್ದು ಉಗುರು ನೋಡಲಿಕ್ಕೆಂದೇ. ಆಮೇಲೆ ದೊಡ್ಡದು ಮಾಡಿ ನೋಡುವಾಗ ಗಿಂಡಿಯ ಕತ್ತಿನ ಮೇಲೆ ಅಮ್ಮನ ಹೆಬ್ಬೆರಳು ಕಂಡಿತು. ಒದ್ದೆಯಾಗಿ, ಗಟ್ಟಿಯಾಗಿ ಒತ್ತಿ ಹಿಡಿದ ಬೆರಳು. ಗಿಂಡಿಯ ನೀರು ತೆಳ್ಳಗೆ ಬೀಳಬೇಕಾದರೆ ಆ ಬೆರಳು ಅಲ್ಲೇ ಇರಬೇಕು, ಬೇರೆ ದಾರಿಯಿಲ್ಲ. ತೋರಿಸಲೋ ಬೇಡವೋ ಎಂದು ಯೋಚಿಸುತ್ತಿರುವಾಗ ತಂಗಿ ಫೋನ್ ಕಸಿದು ಅಮ್ಮನ ಮುಂದೆ ಹಿಡಿದಳು.

ಅಮ್ಮ ಕನ್ನಡಕ ತರಲು ಒಳಗೆ ಹೋದಳು. ಬಂದು, ಬಹಳ ಹೊತ್ತು ನೋಡಿದಳು. ಪರದೆಯನ್ನು ಬೆರಳಿನಿಂದ ಹಿಗ್ಗಿಸುವುದು ಹೇಗೆಂದು ಕೇಳಿ, ಹಿಗ್ಗಿಸಿ, ಮತ್ತೆ ನೋಡಿದಳು.

"ನಂದು ನೇರ ಉಂಟು. ನಿಮ್ಮದೆಲ್ಲ ಅಡ್ಡಾದಿಡ್ಡಿ" ಎಂದಳು.

ನಾನು ಆಗ, ಇಷ್ಟು ವರ್ಷ ಕೇಳದಿದ್ದ ಒಂದು ಪ್ರಶ್ನೆಯನ್ನು ಕೇಳಿದೆ. ಆರು ವರ್ಷದವಳಿದ್ದಾಗ ನಾನು ಸಿಟ್ಟಿನಲ್ಲಿ ಕಪಾಟಿನ ಬಾಗಿಲು ಬಡಿದದ್ದು, ಅಮ್ಮನ ಬೆರಳು ಅದರಲ್ಲಿ ಸಿಕ್ಕಿದ್ದು, ರಕ್ತ. ಇದು ನನಗೆ ನಿನ್ನೆ ನಡೆದಂತೆ ನೆನಪಿದೆ. "ಅದು ನನ್ನಿಂದಲೇ ಅಲ್ವಾ ಅಮ್ಮ?"

"ಯಾವ ಕಪಾಟು?" ಎಂದಳು ಅಮ್ಮ. "ಬೀಡಿ ಕಟ್ತಿದ್ದಾಗ ಆದದ್ದು ಅದು. ಬೀಡಿಯ ಬಾಯಿ ಮಡಚುದು ಹೆಬ್ಬೆರಳಿನ ಉಗುರಿನಲ್ಲೇ ಅಲ್ವಾ. ದಿನಾ ಮಡಚಿ ಮಡಚಿ ಸೀಳಿತು."

"ಅಲ್ಲ, ಹೆರೆಮಣೆ. ತೆಂಗಿನಕಾಯಿ ಹೆರೆಯುವಾಗ. ನಾನೇ ಬಟ್ಟೆ ಕಟ್ಟಿದ್ದು" ಎಂದರು ಅಪ್ಪ ಹೊಗೆಗೂಡಿನ ಬಾಗಿಲಿನಿಂದ.

"ನೀವು ಕಟ್ಟಿದ್ದು ಎಡಗೈಗೆ!" ಎಂದಳು ಅಮ್ಮ.

ಮೂವರು ಸಾಕ್ಷಿಗಳು, ಮೂರು ಕಥೆ. ನನ್ನ ಕಪಾಟಿನ ರಕ್ತವನ್ನು ನಾನು ಎಲ್ಲಿಂದ ತಂದೆ? ಬೇರೆ ಯಾರದೋ ಮನೆಯಲ್ಲಿ ಕಂಡದ್ದೇ, ಅಥವಾ ಅಮ್ಮ ನನ್ನನ್ನು ಉಳಿಸಲು ತಪ್ಪನ್ನು ಬೀಡಿಯ ಮೇಲೆ ಹಾಕಿದಳೇ? ಅವಳ ಮುಖ ನೋಡಿದೆ. ಅವಳು ಸುಳ್ಳು ಹೇಳುವಾಗ ಹೇಗಿರುತ್ತಾಳೆಂದು ನನಗೆ ಗೊತ್ತೇ ಇಲ್ಲ ಎಂದು ತಿಳಿಯಿತು. ಎಳೆದವರ ದಿಕ್ಕು ಬಿರುಕಿನಲ್ಲಿ ಉಳಿಯುತ್ತದೆ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಅಮ್ಮನ ಉಗುರಿನಲ್ಲಿ ಅದನ್ನು ಓದಲು ಆಗಲಿಲ್ಲ.

ಆ ದಿನ ಅಮ್ಮ ಗಿಂಡಿಯನ್ನು ಒರಸಿ ಒಳಗಿಟ್ಟಳು. ಮೂರು ದಿನ ಕಳೆದ ಮೇಲೆ ಚಿಕ್ಕಮ್ಮನ ಫೋನ್ ಬಂತು, ತಾನು ಯಾರ ಕಾರಿನಲ್ಲಿ ಬರುವುದೆಂದು ಕೇಳಲು. ಅಮ್ಮ ಕಾರಿನ ವಿಷಯ ಹೇಳಿ, ಕೊನೆಗೆ, "ಧಾರೆಗೆ ನೀನು ಹತ್ತಿರವೇ ನಿಲ್ಲು ಆಯ್ತಾ, ಸೆರಗು ಒದ್ದೆಯಾಗದ ಹಾಗೆ ಹಿಡಿಯಲಿಕ್ಕೆ ಜನ ಬೇಕು ನನಗೆ" ಎಂದಳು. ಜಗಲಿಯಲ್ಲಿದ್ದ ತಂಗಿ ನನ್ನನ್ನು ನೋಡಿದಳು. ನಾವಿಬ್ಬರೂ ಏನೂ ಕೇಳದವರಂತೆ ಆಮಂತ್ರಣಗಳ ಮೇಲೆ ಹೆಸರು ಬರೆಯುತ್ತಾ ಇದ್ದೆವು.

ಮದುವೆಯ ಮುನ್ನಾದಿನ ಮಧ್ಯಾಹ್ನ, ತಂಗಿಯದ್ದು, ನನ್ನದು ಮುಗಿದ ಮೇಲೆ, ಅಮ್ಮ ಬಂದು ಎದುರು ಚಾಪೆಯಲ್ಲಿ ಕೂತು ಎರಡೂ ಕೈ ಮುಂದೆ ಚಾಚಿದಳು.

ನಾನು ಎಡಗೈಯ ಐದು ಮುಗಿಸಿದೆ. ಬಲಗೈಯ ಕಿರುಬೆರಳಿನಿಂದ ಶುರು ಮಾಡಿ ನಾಲ್ಕು ಮುಗಿಸಿದೆ. ಬ್ರಶ್ ಅದ್ದಿ ಹೆಬ್ಬೆರಳಿಗೆ ಬಂದಾಗ ಅವಳು ಅದನ್ನು ಮಡಚಿಕೊಂಡಳು. ಫೋಟೋಗಳಲ್ಲಿದ್ದ ಅದೇ ಮಡಚುವಿಕೆ. ಎಲ್ಲ ಕೆಟ್ಟಿತು ಎಂದುಕೊಂಡೆ.

"ಇದಕ್ಕೆ ಬೇಡ. ಇದ್ರಲ್ಲಿ ಮೊದಲೇ ಉಂಟಲ್ಲ. ಒಂಬತ್ತು ಸಾಕು" ಎಂದಳು ಅಮ್ಮ.

ತಂಗಿ ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು. ಮದುಮಗಳ ಕಣ್ಣಿಗೆ ಆ ದಿನಗಳಲ್ಲಿ ನೀರು ಯಾವುದಕ್ಕೂ ಬರುತ್ತಿತ್ತು, ಅದಕ್ಕೆ ಅರ್ಥ ಹಚ್ಚಬಾರದು. ನಾನು ಕೇಳಿದೆ: "ಬರೀ ಒಂದು ಬಂಗಾರದ ಬಣ್ಣವಾದರೂ ಹಾಕ್ಲಾ?"

ಅಮ್ಮ ಯೋಚಿಸಿದಳು. "ತೆಳ್ಳಗೆ ಹಾಕು" ಎಂದಳು.

ಹಾಕಿದೆ. ಬಂಗಾರ ಎರಡು ಹೋಳಿನ ಮೇಲೆ ಬೇರೆ ಬೇರೆಯಾಗಿ ಕೂತಿತು, ನಡುವಿನ ಗೆರೆ ಹಾಗೆಯೇ ಉಳಿಯಿತು. ಅದಕ್ಕೆ ಅಂಟೂ ಬೇಡ, ಒಲೆಯೂ ಬೇಡ.

ಮದುವೆ ಬಂಟ್ವಾಳದ ಹಾಲ್‌ನಲ್ಲಿ, ಧಾರೆಯ ಹೊತ್ತಿಗೆ ನಾನು ಮಂಟಪದ ಬದಿಯಲ್ಲಿದ್ದೆ. ನಿಜವಾದ ಕೈಗಳು ಅಪ್ಪನ ಹೆಗಲಿನ ಮರೆಯಲ್ಲಿದ್ದವು, ಹಾಗಾಗಿ ನಾನೂ ಎಲ್ಲರಂತೆ ಪರದೆಯನ್ನೇ ನೋಡಿದೆ. ಹಂಡೆಯಷ್ಟು ದೊಡ್ಡ ಬೆರಳುಗಳು. ಅವುಗಳ ನಡುವೆ ಗಿಂಡಿಯ ಕತ್ತಿನ ಮೇಲೆ ಒತ್ತಿ ಹಿಡಿದ ಹೆಬ್ಬೆರಳು. ನೀರು ಅಂಗಳದಲ್ಲಿ ಬಿದ್ದಂತೆಯೇ ತೆಳ್ಳಗೆ ಬಿತ್ತು. ತಂಗಿಯ ಒಂದು ಉಗುರಿನಿಂದ ಮೆರೂನ್ ಚೂರೊಂದು ಎದ್ದು ಹೋಯಿತು. ಅದನ್ನು ಕಂಡದ್ದು ಬಹುಶಃ ನಾನೊಬ್ಬಳೇ.

ಊಟದ ಪಂಕ್ತಿಯಲ್ಲಿ ಫರಂಗಿಪೇಟೆಯ ಒಬ್ಬ ಅತ್ತೆ ಅಮ್ಮನ ಕೈ ಹಿಡಿದು ತಿರುಗಿಸಿ ನೋಡಿದರು. "ಎಲ್ಲಿ ಮಾಡಿಸಿದ್ದು ಅತ್ತಿಗೆ? ಪಾರ್ಲರಾ? ಈ ಒಂದಕ್ಕೆ ಮಾತ್ರ ಎಂತ ಬೇರೆ ಡಿಸೈನ್?"

ನಾನು ಪಾಯಸದ ಲೋಟ ಹಿಡಿದು ನಿಂತಲ್ಲೇ ನಿಂತೆ.

"ಅದು ಹಳೆ ಸ್ಟಾಕ್" ಎಂದಳು ಅಮ್ಮ. "ಈಗ ಸಿಗುದಿಲ್ಲ."

ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅತ್ತೆ ಇನ್ನೂ ಸ್ವಲ್ಪ ಹೊತ್ತು ನೋಡಲೆಂದು ಎಲೆಯ ಬದಿಯಲ್ಲಿ ಹಾಗೆಯೇ ಇಟ್ಟುಕೊಂಡಿದ್ದಳು. ಇದನ್ನು ಮಾತ್ರ ನಾನು ಬಂಟ್ವಾಳದಿಂದ ಮನೆಗೆ ಬರುವ ದಾರಿಯಲ್ಲೇ, ಕಾರಿನಲ್ಲಿ, ಆಮಂತ್ರಣದ ಲಕೋಟೆಯ ಹಿಂದೆ ಬರೆದಿಟ್ಟುಕೊಂಡೆ. ಮನೆ ಮುಟ್ಟುವುದರೊಳಗೆ ಅದು ಬೇರೆಯಾಗಿಬಿಡಬಾರದಿತ್ತು.